ಎಂಪನಾಡ, ಸಮೋಸ, ಪ್ಯಾಸ್ಟಿ: ಎಲ್ಲಕ್ಕೂ ಒಂದೇ ತವರಾ?

ತಿರುಗಾಟ
ಹಿಟ್ಟಿನೊಳಗೆ ಹೂರಣ ತುಂಬಿದ ಎಂಪನಾಡ ತಿಂಡಿಯ ಬಗ್ಗೆ ಎಲ್ಲಿ ಓದಿದರೂ ಒಂದೇ ಕಥೆ ಸಿಗುತ್ತದೆ. ಪರ್ಷಿಯಾ, ಅರಬ್ ನಾಡುಗಳ ಸಂಬೂಸಕ್ ಅನ್ನುವ ತಿಂಡಿ ಪೂರ್ವಕ್ಕೆ ಹೋಗಿ ಸಮೋಸ ಆಯಿತು, ಪಶ್ಚಿಮಕ್ಕೆ ಹೋಗಿ ಸ್ಪೇನಿನಲ್ಲಿ ಎಂಪನಾಡ ಆಯಿತು, ಅಲ್ಲಿಂದ ಹಡಗು ಹತ್ತಿ ದಕ್ಷಿಣ ಅಮೆರಿಕ, ಫಿಲಿಪ್ಪೀನ್ಸ್ ಸೇರಿತು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಇಷ್ಟು ಸಲೀಸಾಗಿ ಒಪ್ಪಿಕೊಳ್ಳೋಕೆ ಮನಸ್ಸು ಬರುತ್ತಿಲ್ಲ.

ಹಿಟ್ಟು ಲಟ್ಟಿಸಿ, ನಡುವೆ ಹೂರಣ ಇಟ್ಟು, ಮಡಚಿ ಅಂಚು ಒತ್ತೋದನ್ನ ಒಂದು ಊರಿನವರು ಇನ್ನೊಂದು ಊರಿನವರಿಗೆ ಕಲಿಸಲೇಬೇಕಾ? ಹಿಟ್ಟು, ಮಾಂಸ, ಬೆಂಕಿ ಮೂರೂ ಇರುವ ಕಡೆ ಯಾರಿಗಾದರೂ ಹೊಳೆಯುವಂಥದ್ದೇ ಅಲ್ವಾ? ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪ್ಯಾಸ್ಟಿಗೆ ಅರಬರ ನಂಟು ಹೇಗೆ ಹಚ್ಚುತ್ತೀರಿ? ತಿಳಿದವರು ಹೇಳಿ. ತಿಂದವರೂ ಹೇಳಿ.

ಹಳೆಪುಟ
ಸಮೋಸದ ಕಡೆಯ ಕಥೆಗೆ ಗಟ್ಟಿ ಆಧಾರ ಇದೆ. 9ನೇ ಶತಮಾನದ ಬಾಗ್ದಾದಿನಲ್ಲಿ ಇಸ್ಹಾಕ್ ಅಲ್ ಮೌಸಿಲಿ ಸಂಬೂಸಜ್, ಅಂದರೆ ಇದೇ ಸಂಬೂಸಕ್, ಹೊಗಳಿ ಪದ್ಯವನ್ನೇ ಬರೆದಿದ್ದ. 14ನೇ ಶತಮಾನದಲ್ಲಿ ಇಬ್ನ್ ಬತೂತಾ ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ಆಸ್ಥಾನದ ಊಟ ವರ್ಣಿಸುವಾಗ, ಕೊಚ್ಚಿದ ಮಾಂಸಕ್ಕೆ ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆ ಸೇರಿಸಿ ತೆಳು ಹಿಟ್ಟಿನಲ್ಲಿ ಸುತ್ತಿ ತುಪ್ಪದಲ್ಲಿ ಕರಿದದ್ದನ್ನು ಹೇಳುತ್ತಾನೆ. ಆಲೂಗಡ್ಡೆಯ ಸುಳಿವೇ ಇಲ್ಲ. ಇರೋಕೆ ಸಾಧ್ಯವೂ ಇಲ್ಲ, ಆಲೂಗಡ್ಡೆ ಆಗ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲೇ ಇತ್ತು.

ಮಧ್ಯ ಏಷ್ಯಾದಲ್ಲಿ ಈಗಲೂ ಸಮ್ಸಾ ಅಂದರೆ ಕುರಿ ಮಾಂಸ, ಈರುಳ್ಳಿ, ಕುರಿ ಕೊಬ್ಬು. ತಂದೂರಿನ ಒಳಗೋಡೆಗೆ ಅಂಟಿಸಿ ಬೇಯಿಸುತ್ತಾರೆ, ಕರಿಯುವುದಿಲ್ಲ. ಪೂರ್ವ ಆಫ್ರಿಕಾದಲ್ಲಿ ಅದೇ ಸಂಬೂಸ. ಈ ಸಾಲು ಒಂದೇ ಬಳ್ಳಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಸ್ಪೇನಿನ ವಿಷಯಕ್ಕೆ ಬಂದರೆ ನಾನೂ ನಿಮ್ಮ ಪಕ್ಷ. ಎಂಪನಾಡಕ್ಕೆ ಹೆಸರಾದ ಸೀಮೆ ಗಲೀಸಿಯಾ. ಸ್ಪೇನಿನ ವಾಯವ್ಯ ಮೂಲೆ. ಅರಬರ ಆಳ್ವಿಕೆ ದಕ್ಷಿಣದಲ್ಲಿ ಶತಮಾನಗಟ್ಟಲೆ ನಡೆಯಿತು, ಗ್ರಾನಡಾದಲ್ಲಂತೂ 1492ರ ತನಕ. ಗಲೀಸಿಯಾದಲ್ಲಿ ಅದು ಹೆಚ್ಚು ಕಾಲ ನಿಲ್ಲಲೇ ಇಲ್ಲ. ಅರಬರಿಂದಲೇ ಬಂದಿದ್ದರೆ ದಕ್ಷಿಣದ ಆಂಡಲೂಸಿಯಾ ಎಂಪನಾಡಕ್ಕೆ ಹೆಸರಾಗಬೇಕಿತ್ತು ಅಲ್ವಾ?

ಬಿಸಿಬಿಸಿ
ಇತಿಹಾಸ ಇರಲಿ, ಹಸಿವಾಯಿತು.

ದೂರದೇಶಿ
ಗಲೀಸಿಯಾದ ಎಂಪನಾಡ ನೋಡಿದರೆ ಹಳೆಪುಟ ಅವರ ಮಾತು ಇನ್ನೂ ಗಟ್ಟಿಯಾಗುತ್ತದೆ. ಅದು ಅಂಗೈಯಲ್ಲಿ ಹಿಡಿಯುವ ತಿಂಡಿಯೇ ಅಲ್ಲ. ದೊಡ್ಡ ತಟ್ಟೆಯಗಲ. ಕೆಳಗೊಂದು ಹಾಳೆ, ಮೇಲೊಂದು ಹಾಳೆ, ನಡುವೆ ಎಣ್ಣೆಯಲ್ಲಿ ನಿಧಾನಕ್ಕೆ ಬಾಡಿಸಿದ ಈರುಳ್ಳಿ, ಮೆಣಸಿನಕಾಯಿ, ಅದರ ಜೊತೆ ಟ್ಯೂನಾ ಅಥವಾ ಕಾಡ್ ಮೀನು ಅಥವಾ ಚಿಪ್ಪಿನ ಮೀನು. ಕೊಯ್ದು ತುಂಡು ಮಾಡಿ ಹಂಚುತ್ತಾರೆ. ಯುರೋಪಿನ ಹಳೆಯ ಪೈಗಳ ಮನೆತನದ್ದು ಅನ್ನಿಸುತ್ತದೆ.

ಅದೇ ಗಲೀಸಿಯಾದ ಸಾಂತಿಯಾಗೊ ದೆ ಕಂಪೊಸ್ತೆಲಾದ ದೊಡ್ಡ ಚರ್ಚಿನ ಪೋರ್ಟಿಕೊ ದೆ ಲಾ ಗ್ಲೋರಿಯಾ ಅನ್ನುವ ಕೆತ್ತನೆಯ ಬಾಗಿಲು ನೋಡಿದವರು ಇದ್ದೀರಾ? ಶಿಲ್ಪಿ ಮಾತೆಯೊನ ಕೆಲಸ. ಬಾಗಿಲ ತೊಲೆಯ ಮೇಲೆ 1188 ಅಂತ ಕೆತ್ತಿದೆ. ಅಲ್ಲಿ ನರಕದ ಭಾಗದಲ್ಲಿ ಒಬ್ಬ ಹೊಟ್ಟೆಬಾಕ ಕೈಯಲ್ಲಿ ತಿಂಡಿ ಹಿಡಿದು ನುಂಗಲಾಗದೆ ನಿಂತಿದ್ದಾನೆ. ಅದು ಎಂಪನಾಡ ಅಂತ ಅಲ್ಲಿನವರು ಹೆಮ್ಮೆಯಿಂದ ತೋರಿಸುತ್ತಾರೆ.

ಮರುಪ್ರಶ್ನೆ
ಒಂದು ನಿಮಿಷ. ಅದು ರೊಟ್ಟಿಯೂ ಆಗಿರಬಹುದಲ್ಲ. ಕಲ್ಲಿನಲ್ಲಿ ಹೂರಣ ಕಾಣಿಸುತ್ತದಾ? ಊರಿನವರು ತಮ್ಮ ತಿಂಡಿಗೆ ಹಳೆಯ ಕಲ್ಲಿನ ಸಾಕ್ಷಿ ಹುಡುಕುವುದು ಎಲ್ಲ ಕಡೆ ಇದ್ದದ್ದೇ. ಗಲೀಸಿಯಾವನ್ನು ಅರಬರು ಹೆಚ್ಚು ಕಾಲ ಆಳಲಿಲ್ಲ ಅಂದ ಮಾತ್ರಕ್ಕೆ ಅಡುಗೆ ಅಲ್ಲಿಗೆ ಹೋಗಲಿಲ್ಲ ಅಂತಲೂ ಹೇಳೋಕಾಗಲ್ಲ. ಯಾತ್ರಿಕರು ಯುರೋಪಿನ ಎಲ್ಲ ಮೂಲೆಯಿಂದ ಸಾಂತಿಯಾಗೊಗೆ ನಡೆದು ಬರುತ್ತಿದ್ದರು. ಅಡುಗೆಗೆ ಗಡಿ ಕಾಯುವವರು ಯಾರು?

ದೂರದೇಶಿ
ಮರುಪ್ರಶ್ನೆ ಅವರೇ, ಯಾತ್ರಿಕರು ತಂದರು ಅಂದರೂ ಅದು ಫ್ರಾನ್ಸ್ ಕಡೆಯಿಂದ ಬಂದ ಪೈ ಆಗುತ್ತದೆ, ಬಾಗ್ದಾದಿನ ಸಂಬೂಸಕ್ ಆಗಲ್ಲ. ನನ್ನ ಮಾತಿಗೇ ಬಲ ಕೊಟ್ಟಿರಿ.

ಕಡಲಾಚೆ
ಕಾರ್ನಿಷ್ ಪ್ಯಾಸ್ಟಿ ವಿಷಯ ಬಂತಲ್ಲ, ನಾನು ಹೇಳುತ್ತೇನೆ. ಅದಕ್ಕೆ ಯುರೋಪಿಯನ್ ಒಕ್ಕೂಟ 2011ರಲ್ಲಿ ಪ್ರಾದೇಶಿಕ ಗುರುತಿನ ರಕ್ಷಣೆ ಕೊಟ್ಟಿತು. ನಿಯಮ ತುಂಬಾ ಬಿಗಿ. ಕಾರ್ನ್‌ವಾಲ್‌ನಲ್ಲೇ ತುಂಬಿ ಮಡಚಿರಬೇಕು. ಬೀಫ್, ಆಲೂಗಡ್ಡೆ, ಈರುಳ್ಳಿ, ಸ್ವೀಡ್ ಅನ್ನುವ ಹಳದಿ ಗಡ್ಡೆ, ಉಪ್ಪು, ಕಾಳುಮೆಣಸು, ಅಷ್ಟೇ. ಕ್ಯಾರೆಟ್ ಹಾಕಿದರೆ ಆ ಹೆಸರು ಇಡುವ ಹಾಗಿಲ್ಲ. ಅರ್ಧಚಂದ್ರದ ಆಕಾರ, ನೆರಿಗೆ ಪಕ್ಕದಲ್ಲೇ ಇರಬೇಕು, ನೆತ್ತಿಯ ಮೇಲಲ್ಲ. ಬೀಫ್ ಕನಿಷ್ಠ 12.5 ಶೇಕಡಾ. ಮುಖ್ಯವಾಗಿ, ಹೂರಣ ಹಸಿಯಾಗಿಯೇ ಒಳಗೆ ಹೋಗಬೇಕು. ಮಾಂಸ, ಗಡ್ಡೆ ಎಲ್ಲ ಒಳಗೇ, ತಮ್ಮದೇ ಹಬೆಯಲ್ಲಿ ಬೇಯುತ್ತವೆ.

ತವರ (ಟಿನ್) ಲೋಹದ ಗಣಿಯ ಕೆಲಸಗಾರರು ಇದನ್ನೇ ಬುತ್ತಿ ಮಾಡಿಕೊಂಡು ಹೋಗುತ್ತಿದ್ದರು. ಅದಿರಿನ ಜೊತೆ ಆರ್ಸೆನಿಕ್ ವಿಷ ಇರುತ್ತಿತ್ತು, ಕೈ ತೊಳೆಯೋಕೆ ನೀರಿಲ್ಲ. ಹಾಗಾಗಿ ದಪ್ಪ ನೆರಿಗೆ ಹಿಡಿದು ತಿಂದು, ಕೊನೆಗೆ ಆ ನೆರಿಗೆ ಬಿಸಾಡುತ್ತಿದ್ದರಂತೆ.

ಮರುಪ್ರಶ್ನೆ
ಈ ಬಿಸಾಡುವ ಕಥೆ ನನಗೆ ಯಾವತ್ತೂ ರುಚಿಸಿಲ್ಲ. ಹೊಟ್ಟೆಗೆ ಸಾಲದ ಕೂಲಿಯಲ್ಲಿ ದುಡಿಯುವ ಗಣಿ ಕೆಲಸಗಾರ ಹಿಟ್ಟು ಬಿಸಾಡುತ್ತಾನಾ? ಹಳೆಯ ಫೋಟೊಗಳಲ್ಲಿ ಅವರು ಪ್ಯಾಸ್ಟಿಯನ್ನು ಬಟ್ಟೆ ಚೀಲದಲ್ಲಿ ಸುತ್ತಿ ಹಿಡಿದದ್ದು ಕಾಣುತ್ತದೆ. ಬಟ್ಟೆ ಸರಿಸುತ್ತಾ ಒಂದು ತುದಿಯಿಂದ ಇನ್ನೊಂದು ತುದಿಯ ತನಕ ತಿನ್ನಬಹುದು. ಕೈ ತಾಗುವ ಪ್ರಶ್ನೆಯೇ ಇಲ್ಲ.

ಕಡಲಾಚೆ
ಫೋಟೊ ನಾನೂ ನೋಡಿದ್ದೇನೆ. ಎರಡೂ ನಡೆದಿರಬಹುದು. ಮೂಲೆಯಲ್ಲಿ ಹಿಟ್ಟಿನಿಂದಲೇ ಹೆಸರಿನ ಮೊದಲ ಅಕ್ಷರ ಬರೆಯುವ ರೂಢಿ ಮಾತ್ರ ಸುಳ್ಳಲ್ಲ. ಅರ್ಧ ತಿಂದು ಇಟ್ಟರೂ ಯಾರದ್ದು ಅಂತ ಗೊತ್ತಾಗಬೇಕಲ್ಲ.

ತಿರುಗಾಟ
ನನ್ನ ಪ್ರಶ್ನೆಗೆ ಇದು ಒಳ್ಳೇ ಉದಾಹರಣೆ. ಹಸಿ ಹೂರಣ, ಗಟ್ಟಿ ಹಿಟ್ಟು, ಒಂದೇ ತಿಂಡಿಯಲ್ಲಿ ಪೂರ್ತಿ ಊಟ. ಸಂಬೂಸಕ್‌ನಿಂದ ಎಷ್ಟು ದೂರ ನೋಡಿ! ಇದಕ್ಕೆ ಬೇರೆಯದೇ ಹುಟ್ಟು ಇದೆ.

ಊರೂರು
ಕಾರ್ನ್‌ವಾಲ್‌ನವರು ಹೋದಲ್ಲೆಲ್ಲಾ ಪ್ಯಾಸ್ಟಿ ಹೋಗಿದೆ. ಮೆಕ್ಸಿಕೊದ ಹಿಡಾಲ್ಗೊ ರಾಜ್ಯದಲ್ಲಿ ರಿಯಾಲ್ ದೆಲ್ ಮೊಂತೆ ಅಂತ ಬೆಟ್ಟದ ಊರಿದೆ. ಅಲ್ಲಿನ ಬೆಳ್ಳಿ ಗಣಿಗೆ 1820ರ ದಶಕದಲ್ಲಿ ಕಾರ್ನಿಷ್ ಗಣಿಗಾರರು ಬಂದರು. ಅವರ ಬುತ್ತಿ ಅಲ್ಲಿ ಪಾಸ್ತೆ ಆಯಿತು. ಆಲೂಗಡ್ಡೆ ಮಾಂಸದ ಹಳೆಯ ರೀತಿ ಈಗಲೂ ಇದೆ, ಒಂದಿಷ್ಟು ಹಸಿಮೆಣಸಿನಕಾಯಿ ಸೇರಿಕೊಂಡಿದೆ. ಅದರ ಪಕ್ಕದಲ್ಲೇ ಮೋಲೆ ಅನ್ನುವ ಮಸಾಲೆ ಗೊಜ್ಜು ಹಾಕಿದ್ದು, ಬೀನ್ಸ್ ಕಾಳಿನ ಮುದ್ದೆ ತುಂಬಿದ್ದು, ಅನಾನಸ್ ತುಂಬಿದ್ದು. ಊರಿನಲ್ಲಿ ಪಾಸ್ತೆ ಮ್ಯೂಸಿಯಂ ಇದೆ, ಪ್ರತಿ ವರ್ಷ ಹಬ್ಬವೂ ಇದೆ. ಪಕ್ಕದ ಪಚೂಕಾದ ಫುಟ್‌ಬಾಲ್ ಕ್ಲಬ್ ಕಟ್ಟಿದವರೂ ಕಾರ್ನಿಷ್ ಗಣಿಗಾರರೇ.

ಅಮೆರಿಕದ ಮಿಷಿಗನ್‌ನ ಮೇಲಿನ ಪರ್ಯಾಯದ್ವೀಪದಲ್ಲೂ ಇದೇ ಕಥೆ. ತಾಮ್ರದ ಗಣಿ, ಕಾರ್ನಿಷ್ ಕೆಲಸಗಾರರು, ಅವರ ಹಿಂದೆ ಬಂದ ಫಿನ್ಲೆಂಡಿನವರು ಪ್ಯಾಸ್ಟಿಯನ್ನು ತಮ್ಮದೇ ಮಾಡಿಕೊಂಡರು. ಅಲ್ಲೀಗ ದೊಡ್ಡ ಜಗಳ ಅಂದರೆ ಗ್ರೇವಿ ಹಾಕಬೇಕಾ ಕೆಚಪ್ ಹಾಕಬೇಕಾ ಅನ್ನೋದು.

ಬಿಸಿಬಿಸಿ
ಕೆಚಪ್. ಚರ್ಚೆ ಮುಗಿಯಿತು.

ಕಡಲಾಚೆ
ಎರಡೂ ಬೇಡ. ಚೆನ್ನಾಗಿ ಮಾಡಿದ ಪ್ಯಾಸ್ಟಿಗೆ ಒಳಗಿನ ರಸವೇ ಸಾಕು.

ಒಲೆಮುಂದೆ
ಒಳಗಿನ ರಸ ಅಂದಿರಲ್ಲ, ಇಡೀ ವಿದ್ಯೆ ಇರುವುದೇ ಅಲ್ಲಿ. ತವರು ಒಂದೋ ಹತ್ತೋ, ಎಲ್ಲರಿಗೂ ಎದುರಾದ ತೊಂದರೆ ಒಂದೇ. ಹೂರಣ ರಸವತ್ತಾಗಿ ಇರಬೇಕು, ಕಣಕ ನೆನೆದು ಹರಿಯಬಾರದು. ಈ ಗಂಟನ್ನು ಒಬ್ಬೊಬ್ಬರು ಒಂದೊಂದು ರೀತಿ ಬಿಡಿಸಿದ್ದಾರೆ. ನನಗಂತೂ ವಂಶಾವಳಿಗಿಂತ ಇದರಲ್ಲೇ ಆಸಕ್ತಿ ಜಾಸ್ತಿ.

ಎಲ್ಲಕ್ಕಿಂತ ಜಾಣತನ ಬೊಲಿವಿಯಾದ ಸಾಲ್ತೆನ್ಯದ್ದು. ಮಾಂಸದ ಗಟ್ಟಿ ಸಾರು ಕುದಿಸಿ, ಕೆಂಪು ಮೆಣಸಿನಕಾಯಿ, ಆಲೂಗಡ್ಡೆ, ಬಟಾಣಿ ಹಾಕಿ, ಅದಕ್ಕೆ ಜೆಲಟಿನ್ ಸೇರಿಸಿ ರಾತ್ರಿಯೆಲ್ಲ ತಣ್ಣಗಿಡುತ್ತಾರೆ. ಬೆಳಿಗ್ಗೆ ಅದು ಹೆಪ್ಪುಗಟ್ಟಿರುತ್ತದೆ. ಚಮಚದಲ್ಲಿ ತೆಗೆದು ಕಣಕದ ಮೇಲಿಟ್ಟರೆ ಅಲುಗುವುದಿಲ್ಲ. ಒಂದು ತುಂಡು ಮೊಟ್ಟೆ, ಒಂದು ಆಲಿವ್ ಇಟ್ಟು, ಜಡೆ ಹೆಣೆದಂತೆ ಅಂಚು ಹೆಣೆದು, ತುಂಬಾ ಕಾದ ಓವನ್‌ಗೆ. ಹೊರಗಿನ ಹಿಟ್ಟು ಗಟ್ಟಿಯಾಗುವ ಹೊತ್ತಿಗೆ ಒಳಗೆ ಹೆಪ್ಪು ಕರಗಿ ಮತ್ತೆ ಸಾರಾಗುತ್ತದೆ.

ಇನ್ನೊಂದು ದಾರಿ ಆಲೂಗಡ್ಡೆಯದು. ಕಾರ್ನ್‌ವಾಲ್‌ನವರೂ ಅರ್ಜೆಂಟೀನಾದ ಸಾಲ್ಟಾದವರೂ ಹಿಡಿದ ದಾರಿ ಇದು. ಗಡ್ಡೆ ರಸ ಕುಡಿದುಕೊಳ್ಳುತ್ತದೆ, ಕಣಕಕ್ಕೆ ಬಿಡುವುದಿಲ್ಲ.

ದೂರದೇಶಿ
ಲಾ ಪಾಸ್‌ನಲ್ಲಿ ಸಾಲ್ತೆನ್ಯ ಬೆಳಗಿನ ತಿಂಡಿ, ಮಧ್ಯಾಹ್ನದ ನಂತರ ಹುಡುಕಿದರೆ ಸಿಗುವುದು ಕಷ್ಟ. ತಿನ್ನೋಕೂ ಕ್ರಮ ಇದೆ. ನನ್ನ ಪಕ್ಕದಲ್ಲಿ ಕೋಟು ಹಾಕಿಕೊಂಡ ಒಬ್ಬರು ನಿಂತಿದ್ದರು, ಆಫೀಸಿಗೆ ಹೊರಟವರು. ಸಾಲ್ತೆನ್ಯವನ್ನು ನೆಟ್ಟಗೆ ನಿಲ್ಲಿಸಿ ಹಿಡಿದರು. ಮೇಲಿನ ಮೂಲೆ ಮಾತ್ರ ಕಚ್ಚಿದರು. ಕತ್ತು ಸ್ವಲ್ಪ ಮುಂದೆ ಚಾಚಿ ಸಾರು ಹೀರಿದರು. ಮತ್ತೆ ಒಂದು ಚಿಕ್ಕ ಕಚ್ಚು, ಮತ್ತೆ ಹೀರು. ಕೊನೆಯ ತುಂಡು ಬಾಯಿಗೆ ಹೋಗುವ ತನಕ ಒಂದು ಹನಿ ಕೆಳಗೆ ಬೀಳಲಿಲ್ಲ. ಪೇಪರ್ ನ್ಯಾಪ್ಕಿನ್ ಮುಟ್ಟಲೇ ಇಲ್ಲ.

ಇದರ ಹುಟ್ಟಿಗೆ ಒಂದು ಕಥೆ ಹೇಳುತ್ತಾರೆ. ಲೇಖಕಿ ಹುವಾನಾ ಮನುವೆಲಾ ಗೊರ್ರಿತಿ ಅರ್ಜೆಂಟೀನಾದ ಸಾಲ್ಟಾದವರು, ರೋಸಾಸ್ ಸರ್ವಾಧಿಕಾರದ ಕಾಲದಲ್ಲಿ ಅವರ ಕುಟುಂಬ ಬೊಲಿವಿಯಾಕ್ಕೆ ಓಡಿಹೋಯಿತು. ಹೊಟ್ಟೆಪಾಡಿಗೆ ಅಲ್ಲಿ ಎಂಪನಾಡ ಮಾಡಿ ಮಾರಿದರು, ಅದೇ ಸಾಲ್ತೆನ್ಯ ಆಯಿತು ಅಂತ. ಕಥೆ ನಿಜವೋ ಅಲ್ಲವೋ, ಗೊರ್ರಿತಿ ಅಡುಗೆ ಬಲ್ಲವರಂತೂ ಹೌದು. 1890ರಲ್ಲಿ ಅವರು ಸಂಪಾದಿಸಿದ ಅಡುಗೆ ಪುಸ್ತಕವೇ ಬಂದಿದೆ.

ಹಸಿರೆಲೆ
ಎಲ್ಲರೂ ಮಾಂಸದ ಬಗ್ಗೆಯೇ ಹೇಳುತ್ತಿದ್ದೀರಿ. ಮಾಂಸ ತಿನ್ನದವರಿಗೆ ಏನಾದರೂ ಇದೆಯಾ? ಸುಮ್ನೆ ಆಲೂಗಡ್ಡೆ ಬೇಡ.

ಊರೂರು
ಇದೆ ಇದೆ. ಅರ್ಜೆಂಟೀನಾದಲ್ಲಿ ಉಮಿತಾ ಅಂತ ಎಳೆ ಮೆಕ್ಕೆಜೋಳದ್ದು ಸಿಗುತ್ತದೆ, ಚೀಸ್ ಈರುಳ್ಳಿಯದೂ ಇದೆ. ಲೆಬನಾನಿನ ಫತಾಯರ್ ನೋಡಿ, ಪಾಲಕ್, ಈರುಳ್ಳಿ, ಸುಮಾಕ್ ಹುಳಿ ತುಂಬಿದ ತ್ರಿಕೋನ. ಚಿಲಿಯಲ್ಲಿ ಚೀಸ್ ತುಂಬಿ ಕರಿದದ್ದು. ಹಣ ಕೊಡುವ ಮುಂಚೆ ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆ ಅಂತ ಕೇಳಿ. ಹೂರಣ ಸಸ್ಯಾಹಾರ ಆದರೂ ಕಣಕಕ್ಕೆ ದನದ ಕೊಬ್ಬೋ ಹಂದಿ ಕೊಬ್ಬೋ ಹಾಕುವುದು ದಕ್ಷಿಣ ಅಮೆರಿಕದಲ್ಲಿ ಮಾಮೂಲಿ.

ಹಸಿರೆಲೆ
ಇದನ್ನು ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್.

ನೆರಿಗೆ
ಅರ್ಜೆಂಟೀನಾ ಅಂತ ಒಟ್ಟಾಗಿ ಹೇಳಿದರೆ ತುಕುಮಾನ್‌ನವರು ಸಿಟ್ಟಾಗುತ್ತಾರೆ! ತುಕುಮಾನ್ ಎಂಪನಾಡದಲ್ಲಿ ಆಲೂಗಡ್ಡೆ ಇಲ್ಲವೇ ಇಲ್ಲ. ಸಾಲ್ಟಾದ್ದರಲ್ಲಿ ಇದೆ. ಅಕ್ಕಪಕ್ಕದ ಈ ಎರಡು ಪ್ರಾಂತ್ಯಗಳ ನಡುವೆ ಇದೇ ಹಳೆಯ ಪಂಥ. ತುಕುಮಾನ್‌ನವರು ಮತಾಂಬ್ರೆ ಅನ್ನುವ ಪಕ್ಕೆಯ ಮಾಂಸವನ್ನು ಚಾಕುವಿನಲ್ಲೇ ಸಣ್ಣಗೆ ಹೆಚ್ಚುತ್ತಾರೆ. ಮೆಷಿನ್‌ಗೆ ಹಾಕಿದರೆ ರಸ ಎಲ್ಲ ಹಿಂಡಿ ಹೋಗುತ್ತದೆ ಅನ್ನುವುದು ಅವರ ವಾದ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಅಂಚಿಗೆ 13 ನೆರಿಗೆ ಇರಬೇಕು ಅನ್ನುವುದು ಅಲ್ಲಿನ ಸಂಪ್ರದಾಯ. ಫಮಾಯ್ಯಾ ಅನ್ನುವ ಊರಿನಲ್ಲಿ ರಾಷ್ಟ್ರೀಯ ಎಂಪನಾಡ ಹಬ್ಬವೇ ನಡೆಯುತ್ತದೆ.

ನೆರಿಗೆ ಹಾಕುವ ಕೈ ನೋಡುವುದೇ ಒಂದು ಚಂದ. ಎಡಗೈ ಅಂಗೈಯಲ್ಲಿ ಎಂಪನಾಡ ಮಲಗಿರುತ್ತದೆ. ಬಲಗೈ ಹೆಬ್ಬೆರಳು, ತೋರುಬೆರಳು ಅಂಚಿನ ತುದಿ ಹಿಡಿದು ಸ್ವಲ್ಪ ಎಳೆದು ಒಳಕ್ಕೆ ಮಡಚುತ್ತವೆ, ಆ ಮಡಿಕೆಯ ತುದಿಯನ್ನೇ ಹಿಡಿದು ಮುಂದಿನದು. ಕೊನೆಯ ಬಾಲವನ್ನು ಅಡಿಗೆ ಒತ್ತಿಬಿಟ್ಟರೆ ಮುಗಿಯಿತು. ರೂಢಿ ಇರುವವರು ಮಾತಾಡುತ್ತಲೇ ಮಾಡುತ್ತಾರೆ, ಕೆಳಗೆ ನೋಡುವುದೂ ಇಲ್ಲ.

ಬ್ಯೂನಸ್ ಐರಿಸ್‌ನ ಅಂಗಡಿಗಳಲ್ಲಿ ಈ ನೆರಿಗೆಗೆ ಇನ್ನೊಂದು ಕೆಲಸ ಇದೆ. ಒಂದೊಂದು ಹೂರಣಕ್ಕೆ ಒಂದೊಂದು ನೆರಿಗೆ. ಡಬ್ಬದ ಜೊತೆ ಚಿತ್ರದ ಚೀಟಿ ಇರುತ್ತದೆ, ಹೊಂದಿಸಿ ನೋಡಿಕೊಳ್ಳಬೇಕು, ಯಾವುದು ಕೋಳಿ ಯಾವುದು ಚೀಸ್ ಅಂತ. ಈಗೀಗ ಹಿಟ್ಟಿನ ಮೇಲೆ ಅಕ್ಷರ ಒತ್ತುವವರೂ ಇದ್ದಾರೆ. ಅದು ನನಗೆ ಇಷ್ಟ ಇಲ್ಲ. ಕೈಕೆಲಸವನ್ನೇ ಕೈಬಿಟ್ಟ ಹಾಗೆ.

ಮರುಪ್ರಶ್ನೆ
ಅಕ್ಷರ ಒತ್ತಿದರೆ ತಪ್ಪೇನು? ಕಾರ್ನ್‌ವಾಲ್‌ನವರೂ ಅದನ್ನೇ ಮಾಡಿದ್ದು. ನೂರಾರು ಎಂಪನಾಡ ಮಾಡುವ ಹುಡುಗನಿಗೆ ಎಂಟು ಥರದ ನೆರಿಗೆ ನೆನಪಿಡು ಅನ್ನುವುದು ಸುಲಭ, ಮಾಡುವುದು ಅವನು ತಾನೇ.

ನೆರಿಗೆ
ಹುಡುಗನ ಕಷ್ಟ ಅರ್ಥವಾಗುತ್ತದೆ. ಆದರೂ ನೆರಿಗೆ ಬರೀ ಗುರುತಲ್ಲ. ಅಂಚು ಎರಡು ಪದರ ಆಗುವುದರಿಂದಲೇ ರಸ ಹೊರಗೆ ಬರುವುದಿಲ್ಲ. ಅಕ್ಷರ ಒತ್ತಿದವರು ಅಂಚನ್ನು ಮೆಷಿನ್‌ನಲ್ಲಿ ಚಪ್ಪಟೆ ಮಾಡಿಬಿಡುತ್ತಾರೆ.

ಹಳೆಪುಟ
ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಒಂದೇ ತವರಾ ಅಂತ ಕೇಳುವುದಕ್ಕಿಂತ ಯಾರು ಹೊತ್ತುಕೊಂಡು ಹೋದರು ಅಂತ ಕೇಳಿದರೆ ಜಾಸ್ತಿ ತಿಳಿಯುತ್ತದೆ. ಕ್ರಿಮಿಯಾ ತಗೊಳ್ಳಿ. 14ನೇ ಶತಮಾನದ ಕೊನೆಗೆ ಲಿಥುವೇನಿಯಾದ ಮಹಾಪ್ರಭು ವೈತೌತಸ್ ಕ್ರಿಮಿಯಾದಿಂದ ಕರಾಯಿಮ್ ಅನ್ನುವ ಸಮುದಾಯದವರನ್ನು ಕರೆತಂದು ತ್ರಾಕಾಯ್‌ನಲ್ಲಿ ನೆಲೆಗೊಳಿಸಿದ. ಆರು ಶತಮಾನ ಆಯಿತು. ಅಲ್ಲಿನ ಕಿಬಿನಾಯ್ ನೋಡಿ. ಅರ್ಧಚಂದ್ರ, ಒಳಗೆ ಹೆಚ್ಚಿದ ಕುರಿ ಮಾಂಸ ಈರುಳ್ಳಿ, ಅಂಚಿಗೆ ಜಡೆ ಹೆಣಿಗೆ.

ಅದೇ ಕ್ರಿಮಿಯಾದ ತಾತಾರರ ಚೆಬುರೆಕ್ ಬೇರೆ ದಾರಿ ಹಿಡಿಯಿತು. ಕಾಗದದಷ್ಟು ತೆಳು ಹಿಟ್ಟು, ಒಳಗೆ ಹಸಿ ಕೀಮಾ, ಅದಕ್ಕೆ ಬೇಕೆಂದೇ ನೀರು ಸೇರಿಸುತ್ತಾರೆ. ಕಾದ ಎಣ್ಣೆಗೆ ಬಿದ್ದ ತಕ್ಷಣ ಉಬ್ಬುತ್ತದೆ. ರಷ್ಯಾದ ಕೈಯಿಂದ ತಪ್ಪಿಸಿಕೊಂಡು ಟರ್ಕಿಗೆ ಹೋದವರು ಅದನ್ನು ಎಸ್ಕಿಶೆಹಿರ್ ಊರಿನ ಹೆಸರಾಂತ ತಿಂಡಿ ಮಾಡಿದರು. ಉಳಿದವರನ್ನು 1944ರಲ್ಲಿ ಸ್ಟಾಲಿನ್ ರಾತ್ರೋರಾತ್ರಿ ಉಜ್ಬೇಕಿಸ್ತಾನದ ಕಡೆಗೆ ಅಟ್ಟಿದ. ಆ ಜನರನ್ನು ಊರುಬಿಡಿಸಿದ ಸೋವಿಯತ್ ಒಕ್ಕೂಟದ ಬೀದಿಬೀದಿಯಲ್ಲಿ ಅವರ ಚೆಬುರೆಕ್ ಮಾತ್ರ ಮಾರಾಟವಾಗುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ತಿರುಗಾಟ
ಇದು ಗೊತ್ತಿರಲಿಲ್ಲ. ಒಂದೇ ನಾಡು, ಒಂದು ಕಡೆ ರಾಜ ಕರೆದ, ಇನ್ನೊಂದು ಕಡೆ ಹೊರಹಾಕಿದರು. ತಿಂಡಿ ಎರಡು ದಿಕ್ಕಿಗೂ ಹೋಯಿತು.

ಊರೂರು
ಸರ್ಕಾರಕ್ಕೂ ಈ ತಿಂಡಿಗೂ ಯಾಕೋ ಆಗಿಬರುವುದಿಲ್ಲ. 1985ರಲ್ಲಿ ಕೆನಡಾದ ಆಹಾರ ಇನ್‌ಸ್ಪೆಕ್ಟರುಗಳು ಟೊರೊಂಟೊದ ಜಮೈಕನ್ ಬೇಕರಿಗಳಿಗೆ ಹೋಗಿ, ಬೀಫ್ ಪ್ಯಾಟಿ ಅಂತ ಬೋರ್ಡು ಹಾಕಬೇಡಿ, ಕಾನೂನಿನ ಪ್ರಕಾರ ಆ ಹೆಸರು ಬರ್ಗರ್ ಒಳಗಿನ ಮಾಂಸದ ಬಿಲ್ಲೆಗೆ ಮಾತ್ರ ಅಂದರು. ಅರಿಶಿನ ಬಣ್ಣದ ಹಿಟ್ಟಿನೊಳಗೆ ಖಾರದ ಮಾಂಸ ತುಂಬಿದ ಪ್ಯಾಟಿ ಅವರಿಗೆ ಗೊತ್ತೇ ಇರಲಿಲ್ಲ. ಬೇಕರಿಯವರು ಬಗ್ಗಲಿಲ್ಲ, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು. ಕೊನೆಗೆ ಜಮೈಕನ್ ಪ್ಯಾಟಿ ಅನ್ನುವ ಹೆಸರಿಗೆ ರಾಜಿ ಆಯಿತು. ಅಲ್ಲಿ ಫೆಬ್ರುವರಿ 23 ಈಗಲೂ ಪ್ಯಾಟಿ ದಿನ.

ಕಡಲಾಚೆ
ಬ್ರಿಟನ್‌ನಲ್ಲಿ 2012ರ ಬಜೆಟ್‌ನಲ್ಲಿ ಬಿಸಿ ಪ್ಯಾಸ್ಟಿಗೆ 20 ಶೇಕಡಾ ತೆರಿಗೆ ಹಾಕಲು ಹೊರಟಿದ್ದರು. ಎಷ್ಟು ಬಿಸಿ ಇದ್ದರೆ ಬಿಸಿ ಅನ್ನುವುದೇ ಸಂಸತ್ತಿನಲ್ಲಿ ಚರ್ಚೆ. ಮೇ ತಿಂಗಳಲ್ಲಿ ಹಿಂದೆ ಸರಿದರು. ಓವನ್‌ನಿಂದ ತೆಗೆದು ತಾನಾಗಿ ಆರಲು ಬಿಟ್ಟದ್ದಕ್ಕೆ ತೆರಿಗೆ ಇಲ್ಲ.

ದೂರದೇಶಿ
2019ರಲ್ಲಿ ಬೊಗೊಟಾದಲ್ಲಿ ರಸ್ತೆ ಬದಿ ಎಂಪನಾಡ ಕೊಂಡ ಯುವಕನಿಗೇ ಪೊಲೀಸರು ದಂಡ ಹಾಕಿದರು, ಹತ್ತಿರ ಹತ್ತಿರ 8 ಲಕ್ಷ 34 ಸಾವಿರ ಪೆಸೊ. ಮಾರಿದವನಿಗಲ್ಲ, ಕೊಂಡವನಿಗೆ! ಇಡೀ ಕೊಲಂಬಿಯಾ ಸಿಟ್ಟಾಯಿತು. ಜನ ಬೇಕೆಂದೇ ಬೀದಿಗೆ ಬಂದು ಎಂಪನಾಡ ಕೊಂಡರು. ಮೆಕ್ಕೆಜೋಳದ ಹಿಟ್ಟಿನಲ್ಲಿ ಕರಿದ ಆ ಪುಟ್ಟ ತಿಂಡಿ ಅಲ್ಲಿ ಬಡವರ ಹೊಟ್ಟೆ ತುಂಬಿಸುತ್ತದೆ, ಮಾರುವವರಿಗೂ ಅದೇ ಜೀವನ. ಅದರ ಮೇಲೆ ಕೈ ಹಾಕಿದ್ದು ನನಗೂ ತಡೆಯೋಕಾಗಲಿಲ್ಲ.

ಮರುಪ್ರಶ್ನೆ
ಮೆಕ್ಕೆಜೋಳ ಅಂದಿರಿ. ಹಾಗಾದರೆ ಅದು ಎಂಪನಾಡ ಹೇಗಾಯಿತು? ಗೋಧಿ ಹಿಟ್ಟಿಲ್ಲ, ಓವನ್ ಇಲ್ಲ. ಮೆಕ್ಕೆಜೋಳವನ್ನು ಅರೆದು ಹೂರಣ ತುಂಬುವುದು ಸ್ಪೇನಿನವರು ಬರುವ ಮುಂಚೆಯೇ ಆ ಖಂಡದಲ್ಲಿ ಇತ್ತು, ತಮಾಲೆ ನೋಡಿ.

ಹಳೆಪುಟ
ಮಡಚುವ ರೀತಿ ಸ್ಪೇನಿನದು, ಹಿಟ್ಟು ನೆಲದ್ದು. ಫಿಲಿಪ್ಪೀನ್ಸ್‌ನ ಇಲೊಕೊಸ್‌ನಲ್ಲೂ ಹಾಗೇ. ಅಕ್ಕಿ ಹಿಟ್ಟಿಗೆ ಅಚುವೆತೆ ಬೀಜದ ಕಿತ್ತಳೆ ಬಣ್ಣ, ಒಳಗೆ ತುರಿದ ಹಸಿ ಪಪ್ಪಾಯ, ಸಾಸೇಜ್, ಒಂದು ಹಸಿ ಮೊಟ್ಟೆ ಒಡೆದು ಹಾಕಿ ಕರಿಯುತ್ತಾರೆ. ವಿನೆಗರ್‌ನಲ್ಲಿ ಅದ್ದಿ ತಿನ್ನಬೇಕು.

ಬಿಸಿಬಿಸಿ
ಮೋಮೊ, ಪಿಯೆರೋಗಿ ಎಲ್ಲ ಇದರಲ್ಲಿ ಸೇರುತ್ತವಾ?

ಒಲೆಮುಂದೆ
ಇಲ್ಲ. ನೀರಲ್ಲೋ ಹಬೆಯಲ್ಲೋ ಬೆಂದದ್ದು ಬೇರೆ ಗುಂಪು. ಇಲ್ಲಿ ಕಣಕ ಒಣಗಿ ಗರಿಯಾಗಬೇಕು, ಅದಕ್ಕೆ ಓವನ್ ಬೇಕು ಅಥವಾ ಎಣ್ಣೆ ಬೇಕು.

ಹಸಿರೆಲೆ
ಒಲೆಮುಂದೆ ಅಕ್ಕಾ, ಊರೂರು ಅವರು ಹೇಳಿದ ಪಾಲಕ್ ಫತಾಯರ್ ಮಾಡೋಣ ಅಂತಿದ್ದೇನೆ. ಪಾಲಕ್ ನೀರು ಬಿಡುತ್ತದಲ್ಲ, ಜೆಲಟಿನ್ ನಾನು ಹಾಕಲ್ಲ. ಏನು ಮಾಡಲಿ?

ಒಲೆಮುಂದೆ
ಜೆಲಟಿನ್ ಬೇಕೇ ಇಲ್ಲ. ಪಾಲಕ್ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ಎರಡೂ ಕೈಯಲ್ಲಿ ಹಿಡಿ ಹಿಡಿಯಾಗಿ ಹಿಂಡಿ. ಹಸಿರು ನೀರು ನಿಲ್ಲುವ ತನಕ ಹಿಂಡಬೇಕು. ಈರುಳ್ಳಿಯನ್ನೂ ಹಾಗೇ. ಹಿಂಡಿದ ಮೇಲೆಯೇ ಸುಮಾಕ್, ನಿಂಬೆರಸ, ಆಲಿವ್ ಎಣ್ಣೆ ಸೇರಿಸಿ, ಮುಂಚೆ ಸೇರಿಸಿದರೆ ಎಲ್ಲ ಹರಿದುಹೋಗುತ್ತದೆ. ಕಲಸಿದ ತಕ್ಷಣ ತುಂಬಿ, ಇಟ್ಟರೆ ಮತ್ತೆ ನೀರು ಬಿಡುತ್ತದೆ. ತುಂಬುವಾಗ ಕಣಕದ ಅಂಚಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ. ಎಣ್ಣೆ ತಾಗಿದ ಅಂಚು ಎಷ್ಟು ಒತ್ತಿದರೂ ಅಂಟಲ್ಲ, ಓವನ್‌ನಲ್ಲಿ ಬಾಯಿ ಬಿಡುತ್ತದೆ. ತಾಗಿದರೆ ಒಣ ಹಿಟ್ಟು ಸವರಿ ಆಮೇಲೆ ಒತ್ತಿ.